ಐದು ನದಿಗಳ ಪ್ರದಕ್ಷಿಣೆ

ಕುಂದಾಪುರದ ಕಡಲಂಚಿನಲ್ಲಿ ನಿಂತು ಉತ್ತರಕ್ಕೆ ನೋಡಿದರೆ ನೀರಿನ ಆಚೆಗೆ ಗಂಗೊಳ್ಳಿಯ ತೆಂಗಿನ ಸಾಲು ಕಾಣುತ್ತದೆ. ಬಂದರಿನ ದೋಣಿಗಳ ಬಣ್ಣವನ್ನು ಕೂಡ ಗುರುತಿಸಬಹುದು. ಕಣ್ಣಿಗೆ ಇಷ್ಟು ಸಮೀಪವಿರುವ ಈ ಊರು ಕಾಲಿಗೆ ಮಾತ್ರ ಬಹು ದೂರ. ನಡುವೆ ಐದು ನದಿಗಳ ನೀರು ಒಂದಾಗಿ ಅಳಿವೆಯ ಕಡೆಗೆ ಹರಿಯುತ್ತದೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟ ಎಂಬ ಈ ಐದರ ಕೂಟಕ್ಕೆ ಪಂಚಗಂಗಾವಳಿ ಎಂದು ಹೆಸರು. ಗಂಗೊಳ್ಳಿಯ ಹೆಸರಿನಲ್ಲಿಯೇ ಗಂಗೆಯಿದ್ದಾಳೆ. ನೀರನ್ನು ಬಳಸಿಕೊಂಡು ರಸ್ತೆಯಲ್ಲಿ ಹೋಗುವವನು ಹೆಮ್ಮಾಡಿ, ತಲ್ಲೂರುಗಳನ್ನು ಸುತ್ತಿ, ಸೇತುವೆಗಳನ್ನು ಒಂದೊಂದಾಗಿ ದಾಟಿ, ಹದಿನೈದು ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವೆಸಬೇಕು.

ಈ ಐದು ನದಿಗಳು ಎಲ್ಲಿಂದ ಬರುತ್ತವೆ? ಶಾಲೆಯ ಪುಸ್ತಕ ಒಂದು ಮಾತಿನಲ್ಲಿ ಉತ್ತರ ಹೇಳುತ್ತದೆ: ಪಶ್ಚಿಮ ಘಟ್ಟಗಳಿಂದ. ಆದರೆ ಆ ಒಂದು ಮಾತಿನ ಒಳಗೆ ಎಷ್ಟು ಕಾಡು, ಎಷ್ಟು ಏರು, ಎಷ್ಟು ಇತಿಹಾಸ ಅಡಗಿದೆಯೆಂಬುದನ್ನು ತಿಳಿಯಲು ಡಿಸೆಂಬರ್ ತಿಂಗಳ ಒಂದು ದಿನ ಗಂಗೊಳ್ಳಿಯ ಒಬ್ಬ ಮನುಷ್ಯ ಸೈಕಲ್ ಹತ್ತಿದನು. ವಯಸ್ಸು ನಲವತ್ತೆಂಟು. ಉದ್ಯೋಗ ಬೆಂಗಳೂರಿನಲ್ಲಿ. ರಜೆಯಲ್ಲಿ ಊರಿಗೆ ಬಂದವನು. ಅವನ ತಂದೆ ಒಂದು ಕಾಲದಲ್ಲಿ ಗಂಗೊಳ್ಳಿಗೂ ಕುಂದಾಪುರಕ್ಕೂ ನಡುವೆ ಕಡವಿನ ದೋಣಿ ನಡೆಸಿದವರು. ಐದು ನದಿಗಳ ನೀರನ್ನು ಜೀವಮಾನವೆಲ್ಲ ಹುಟ್ಟಿನಲ್ಲಿ ಮೊಗೆದವರು. ಆದರೆ ಘಟ್ಟದ ಮೇಲಿನ ಊರನ್ನು ಕಂಡವರಲ್ಲ. ಈಗ ಅವರ ಮಂಡಿಗಳಲ್ಲಿ ಬಲವಿಲ್ಲ. ಅಂಗಳದ ಕುರ್ಚಿಯೇ ಅವರ ಬಂದರು. ಬೇಸಿಗೆ ಬಂದರೆ ಹೊಳೆಯ ಉಪ್ಪು ಮೊದಲಿಗಿಂತ ಮೇಲಕ್ಕೆ ಏರುತ್ತಿದೆಯೆಂಬುದು ಅವರ ಹಲವು ವರ್ಷಗಳ ಚಿಂತೆ. ಮಗ ಸೈಕಲ್ಲಿನ ಚಕ್ರಗಳಿಗೆ ಗಾಳಿ ತುಂಬುತ್ತಿದ್ದ ಹಿಂದಿನ ಸಂಜೆ ಅವರು ಕೇಳಿದ್ದು ಒಂದೇ ಮಾತು:

“ಮೇಲ್ ನೀರ್ ಇತ್ತಾ, ಕಂಡ್ಕೊಂಡ್ ಬಾ ಮಗಾ.”

ಮಗನು ಗೆರೆ ಎಳೆದುಕೊಂಡ ದಾರಿ ಹೀಗಿತ್ತು. ಕಡಲ ದಂಡೆಯಲ್ಲಿ ಬೈಂದೂರಿನವರೆಗೆ ಉತ್ತರಕ್ಕೆ, ಅಲ್ಲಿಂದ ಪೂರ್ವಕ್ಕೆ ಕೊಲ್ಲೂರು, ನಾಗೋಡಿಯ ಘಾಟಿ ಹತ್ತಿ ಸಂಪೆಕಟ್ಟೆ ಮತ್ತು ನಗರ, ಬಳಿಕ ಹುಲಿಕಲ್ಲಿನಿಂದ ಬಾಳೆಬರೆ ಘಾಟಿಯನ್ನು ಇಳಿದು ಹೊಸಂಗಡಿ, ಸಿದ್ದಾಪುರ, ಬಸ್ರೂರು, ಕುಂದಾಪುರ, ಮತ್ತೆ ಗಂಗೊಳ್ಳಿ. ಒಟ್ಟು ನೂರೆಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ನಕ್ಷೆಯಲ್ಲಿ ನೋಡಿದರೆ ಇದು ಐದು ನದಿಗಳ ಸೀಮೆಯನ್ನು ಬಲಕ್ಕೆ ಇಟ್ಟುಕೊಂಡು ಬರುವ ಪ್ರದಕ್ಷಿಣೆ.

ಒಂದೇ ದಿನದಲ್ಲಿ ಇಷ್ಟು ದೂರವನ್ನು ತುಳಿಯುವುದು ಹುಚ್ಚುತನವೆಂದು ಕೆಲವರಿಗೆ ತೋರಬಹುದು. ಈ ಹುಚ್ಚಿಗೆ ಒಂದು ಪರಂಪರೆಯುಂಟು. 1897ರ ಜೂನ್ ತಿಂಗಳಿನಲ್ಲಿ ಇಟಲಿಯ ಹನ್ನೆರಡು ಮಂದಿ ಸವಾರರು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ರೋಮ್ ನಗರದಿಂದ ನೇಪಲ್ಸ್ ತಲಪುವ ಪಣ ತೊಟ್ಟು ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಹಿಡಿದರು. ಅವರನ್ನು ಜನ ‘ಆಡಾಕ್ಸ್’, ಎಂದರೆ ಎದೆಗಾರರು, ಎಂದು ಕರೆದರು. ಇಂದಿಗೂ ಆ ಹೆಸರಿನ ಸವಾರಿಗಳು ಜಗತ್ತಿನಾದ್ಯಂತ ನಡೆಯುತ್ತವೆ. ನಮ್ಮ ದೇಶದಲ್ಲಿಯೂ ನಡೆಯುತ್ತವೆ. ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವು. ಆದರೆ ಗಂಗೊಳ್ಳಿಯ ಸವಾರನಿಗೆ ಯಾರೂ ಗಡುವು ಹಾಕಿರಲಿಲ್ಲ. ಸೂರ್ಯನೊಬ್ಬನ ಗಡುವು ಮಾತ್ರ ಇತ್ತು. ಕತ್ತಲಾಗುವುದರೊಳಗೆ ಬಾಳೆಬರೆಯ ತಿರುವುಗಳನ್ನು ಇಳಿದು ಮುಗಿಸಬೇಕು.

ಕಡಲಿಗೂ ಹೊಳೆಗೂ ನಡುವೆ

ಬೆಳಗಿನ ಆರು ಗಂಟೆಗೆ ಗಂಗೊಳ್ಳಿಯ ಬಂದರಿನಲ್ಲಿ ಆಗಲೇ ಸಂತೆಯ ಗದ್ದಲ. ಬಂಗುಡೆಯ ಬುಟ್ಟಿಗಳು, ಐಸಿನ ಪುಡಿ, ಕೂಗಾಟ, ಬೋಟುಗಳ ಯಂತ್ರದ ಗುಡುಗು. ಮಬ್ಬಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಹೊರಟ ಸವಾರನನ್ನು ಕಂಡು ಒಬ್ಬ ಹೆಂಗಸು ಬುಟ್ಟಿಯನ್ನು ಕೆಳಗಿಟ್ಟು ಕೇಳಿದಳು: “ಹ್ವಾಯ್, ಎಲ್ಲಿಗ್ ಹೊರ್ಟದ್?” ಘಟ್ಟಕ್ಕೆ ಎಂದು ಅವನು ಹೇಳಿದಾಗ ಅವಳು ನಕ್ಕಳೇ ಹೊರತು ನಂಬಲಿಲ್ಲ.

ತ್ರಾಸಿಯಲ್ಲಿ ಹೆದ್ದಾರಿ ಸೇರಿತು. ಒಂದು ಕಾಲದಲ್ಲಿ 17 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ, ಈಗ 66 ಎನಿಸಿಕೊಂಡಿರುವ ಈ ರಾಷ್ಟ್ರೀಯ ಹೆದ್ದಾರಿಯು ತ್ರಾಸಿಯಿಂದ ಮರವಂತೆಯವರೆಗೆ ನೀರಿನ ನಡುವೆ ಓಡುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕೆ. ಕೊಲ್ಲೂರಿನ ಕಾಡಿನಿಂದ ಇಷ್ಟು ದೂರ ಹರಿದು ಬಂದ ಹೊಳೆ ಇಲ್ಲಿ ಕಡಲಿನಿಂದ ಒಂದು ಕೂಗಳತೆಯಲ್ಲಿ ನಿಂತು, ಯಾವುದೋ ಸಂಕೋಚದಿಂದ ಎಂಬಂತೆ ದಕ್ಷಿಣಕ್ಕೆ ತಿರುಗುತ್ತದೆ. ಸಮುದ್ರದ ಸಮಾನಾಂತರವಾಗಿ ಹಲವು ಕಿಲೋಮೀಟರು ಹರಿದು ಗಂಗೊಳ್ಳಿಯಲ್ಲಿ ಮಾತ್ರ ಅದು ಕಡಲನ್ನು ಸೇರುತ್ತದೆ. ಭೂಗೋಳದ ಭಾಷೆಯಲ್ಲಿ ಇದು ಅಲೆಗಳು ಕಟ್ಟಿದ ಮರಳ ದಿಬ್ಬದ ಕೆಲಸ. ಆ ದಿಬ್ಬದ ಮೇಲೆಯೇ ಹೆದ್ದಾರಿಯಿದೆ, ವರಾಹ ದೇವರ ಗುಡಿಯಿದೆ. ಕಡಲು ವರ್ಷ ವರ್ಷವೂ ದಂಡೆಯನ್ನು ಕೊರೆಯುವುದರಿಂದ ಬೃಹತ್ ಬಂಡೆಗಳ ತಡೆಗೋಡೆ ಒಡ್ಡಿದ್ದಾರೆ.

ಆರೂಮುಕ್ಕಾಲರ ಹೊತ್ತಿಗೆ ಬೆಳಗಾಯಿತು. ಪೂರ್ವದ ಬೆಟ್ಟಸಾಲು ಮೊದಲು ಕಪ್ಪಾಗಿ, ಬಳಿಕ ನೀಲಿಯಾಗಿ, ಕೊನೆಗೆ ಹೊನ್ನಿನ ಅಂಚು ಹೊದ್ದು ನಿಂತಿತು. ಈಶಾನ್ಯಕ್ಕೆ ಎಲ್ಲಕ್ಕಿಂತ ಎತ್ತರವಾಗಿ ಕಾಣುವುದೇ ಕೊಡಚಾದ್ರಿ, 1343 ಮೀಟರು. ಸೌಪರ್ಣಿಕೆಯ ತೌರು ಅಲ್ಲಿ. ಮಧ್ಯಾಹ್ನದೊಳಗೆ ಆ ಬೆಟ್ಟದ ಹೆಗಲನ್ನು ಹತ್ತಬೇಕು. ಕಣ್ಣಳತೆಯಲ್ಲಿ ನೋಡಿದಾಗ ಕಾಲುಗಳು ತುಸು ಅಳುಕಿದವು.

ಹೊಳೆಯ ಆಚೆ ದಡದಲ್ಲಿ ಪಡುಕೋಣೆ. 1980ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಬ್ಯಾಡ್ಮಿಂಟನ್ ಪಂದ್ಯಾವಳಿಯನ್ನು ಗೆದ್ದ ಪ್ರಕಾಶ್ ಅವರ ಹೆಸರಿನೊಡನೆ ಜಗತ್ತನ್ನೆಲ್ಲ ಸುತ್ತಿದ ಊರು ಇದೇ. ಇನ್ನು ಸ್ವಲ್ಪ ಮುಂದೆ ಹೋದರೆ 1918ರಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ ಮೊಗೇರಿಯ ಸೀಮೆ. ನಾವುಂದ, ಕಿರಿಮಂಜೇಶ್ವರ, ಉಪ್ಪುಂದಗಳು ಒಂದಾದ ಮೇಲೊಂದು ಸರಿದುಹೋದವು. ಮರಳು ಬೆರೆತ ಗದ್ದೆಗಳಲ್ಲಿ ನೆಲಗಡಲೆಯ ಬಿತ್ತನೆ ನಡೆದಿತ್ತು. ಗಾಳಿಮರಗಳ ಎಡೆಯಿಂದ ಕಡಲಿನ ತಂಪು ಬೀಸುತ್ತಿತ್ತು. ದಾರಿ ಸಮತಟ್ಟು. ಚಕ್ರ ತಾನಾಗಿಯೇ ಉರುಳುತ್ತಿತ್ತು. ದೂರದ ಸವಾರಿಯಲ್ಲಿ ಬೆಳಗಿನ ಈ ಸುಖವೇ ಮೋಸಗಾರ. ಈಗ ಅವಸರಪಟ್ಟವನು ಸಂಜೆಗೆ ಬಡ್ಡಿಸಹಿತ ತೆರಬೇಕಾಗುತ್ತದೆ.

ಎಂಟರ ಹೊತ್ತಿಗೆ ಬೈಂದೂರು. ಹೋಟೆಲೊಂದರಲ್ಲಿ ಎರಡು ಬನ್ಸು, ಒಂದು ಲೋಟ ಚಹಾ. ಪುರಾತನವಾದ ಸೇನೇಶ್ವರ ದೇವಾಲಯದ ಕಲ್ಲಿನ ಕೆತ್ತನೆಯನ್ನು ನೋಡಲು ಹೋಗುವವರು ಈ ಊರಿನಲ್ಲಿ ಅರ್ಧ ದಿನವಾದರೂ ನಿಲ್ಲಬೇಕು. ಸವಾರನಿಗೆ ಆ ಭಾಗ್ಯವಿರಲಿಲ್ಲ. ಕಡಲಿಗೆ ಬೆನ್ನು ಮಾಡಿ ಅವನು ಪೂರ್ವಕ್ಕೆ ತಿರುಗಿದನು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ದಾರಿಯನ್ನು ದಾಟುತ್ತಲೇ ಕರಾವಳಿ ಮುಗಿದು ಬೇರೊಂದು ನಾಡು ಮೊದಲಾಯಿತು.

ಮೂಕಾಂಬಿಕೆಯ ಕಾಡು

ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ನೆಲ ಮೆಲ್ಲಮೆಲ್ಲನೆ ಬಣ್ಣ ಬದಲಿಸುತ್ತದೆ. ಬಿಳಿಯ ಮರಳು ಹೋಗಿ ಕೆಂಪು ಮುರಕಲ್ಲಿನ ಮಣ್ಣು ಬರುತ್ತದೆ. ಗೇರು ತೋಪುಗಳು ಬರುತ್ತವೆ. ಗೋಳಿಹೊಳೆ ದಾಟಿದ ಮೇಲೆ ತೋಡುಗಳ ಬದಿಯಲ್ಲಿ ಅಡಕೆಯ ತೋಟಗಳು. ಅವುಗಳ ಹಿಂದೆ ಮತ್ತಿ, ಹೊನ್ನೆ, ನಂದಿ ಮರಗಳು. ದಾರಿ ಏರುತ್ತದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಉಸಿರಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಕುಳಿತವನು ನಿದ್ದೆಯಲ್ಲಿ ಕಳೆಯುವ ಈ ಇಪ್ಪತ್ತೈದು ಮೂವತ್ತು ಕಿಲೋಮೀಟರುಗಳಲ್ಲಿ ಎಷ್ಟು ಏರಿಳಿತಗಳಿವೆಯೆಂಬುದನ್ನು ಸೈಕಲ್ ಸವಾರನೊಬ್ಬನೇ ಎಣಿಸಿ ಹೇಳಬಲ್ಲನು.

ಹತ್ತು ಗಂಟೆ ದಾಟಿದ ಮೇಲೆ ಕೊಲ್ಲೂರು. ರಥಬೀದಿಯಲ್ಲಿ ಕೇರಳದ ಯಾತ್ರಿಕರ ಸಂದಣಿ. ಕೈಯಲ್ಲಿ ಕೂಸು, ತಟ್ಟೆಯಲ್ಲಿ ಅಕ್ಕಿ. ವಿದ್ಯಾರಂಭಕ್ಕಾಗಿ ಮಕ್ಕಳನ್ನು ಈ ತಾಯಿಯ ಸನ್ನಿಧಿಗೆ ಕರೆತರುವುದು ಅವರಲ್ಲಿ ಬಹುಕಾಲದ ವಾಡಿಕೆ. ಸವಾರನು ಸೌಪರ್ಣಿಕೆಯ ಸ್ನಾನಘಟ್ಟಕ್ಕೆ ಇಳಿದು ಮುಖ ತೊಳೆದುಕೊಂಡನು. ಗಂಗೊಳ್ಳಿಯಲ್ಲಿ ದೋಣಿಗಳನ್ನು ಹೊರುವ ಹೊಳೆ ಇಲ್ಲಿ ಮೊಣಕಾಲಿನಷ್ಟು ಆಳದಲ್ಲಿ, ಬಂಡೆಗಳ ನಡುವೆ, ಬಾಲ್ಯದ ಗಲಗಲ ಮಾತಿನಲ್ಲಿದೆ. ತಂದೆಯ ಪ್ರಶ್ನೆಗೆ ಮೊದಲ ಉತ್ತರ ದೊರಕಿತು: ಇಲ್ಲಿ ನೀರಿದೆ. ತಣ್ಣಗಿದೆ.

ಊರು ಬಿಟ್ಟ ಕೂಡಲೆ ಘಾಟಿ ತೊಡಗುತ್ತದೆ. 1974ರಲ್ಲಿ ಘೋಷಿತವಾದ ಮೂಕಾಂಬಿಕಾ ಅಭಯಾರಣ್ಯದ ಕಾಡು ದಾರಿಯ ಎರಡೂ ಬದಿಗೆ ಒತ್ತಿ ನಿಂತಿದೆ. ಮಧ್ಯಾಹ್ನದಲ್ಲಿಯೂ ಬಿಸಿಲು ನೆಲ ಮುಟ್ಟಬೇಕಾದರೆ ಎಲೆಗಳ ಅನುಮತಿ ಪಡೆಯಬೇಕು. ಎಲ್ಲಿಯೋ ಮೇಲೆ ಕೊಂಬೆಗಳು ಅಲುಗಿದವು. ಸಿಂಗಳೀಕವೋ ಮಂಗವೋ ಕಾಣಿಸಲಿಲ್ಲ. ಸವಾರನು ಹಲ್ಲುಗಾಲಿಗಳಲ್ಲಿ ಎಲ್ಲಕ್ಕಿಂತ ಹಗುರವಾದುದಕ್ಕೆ ಸರಪಳಿಯನ್ನು ಇಳಿಸಿ, ನಡೆಯುವವನಿಗಿಂತ ತುಸುವೇ ವೇಗವಾಗಿ ತುಳಿಯತೊಡಗಿದನು. ಘಾಟಿಯನ್ನು ಹತ್ತುವ ವಿದ್ಯೆ ಬಲದ್ದಲ್ಲ, ತಾಳ್ಮೆಯದು. ಮುಂದಿನ ತಿರುವನ್ನು ನೋಡಬಾರದು. ಚಕ್ರದ ಮುಂದಿನ ನಾಲ್ಕು ಮೊಳ ನೆಲವನ್ನು ಮಾತ್ರ ನೋಡಬೇಕು. ಉಸಿರು ಮಾತಾಡುವಷ್ಟು ಉಳಿದಿರಬೇಕು. ಎರಡು ಕಡೆ ಅವನು ಇಳಿದು ನಿಂತು ಅವಲಕ್ಕಿ, ಬೆಲ್ಲ ತಿಂದನು. ಒಂದು ಕಡೆ ಸೈಕಲ್ಲನ್ನು ತಳ್ಳಿಕೊಂಡು ನಡೆದನು. ನಡೆಯುವುದರಲ್ಲಿ ಅವಮಾನವಿಲ್ಲವೆಂದು ತನಗೆ ತಾನೇ ಹೇಳಿಕೊಂಡನು.

ನಾಗೋಡಿಗೆ ಬಂದಾಗ ಹನ್ನೆರಡೂವರೆ ಮೀರಿತ್ತು. ಇಲ್ಲಿಂದಾಚೆಗೆ ಶಿವಮೊಗ್ಗ ಜಿಲ್ಲೆ. ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನ ಮಲೆನಾಡು. ಗಾಳಿಯಲ್ಲಿ ಉಪ್ಪಿಲ್ಲ. ಕರಾವಳಿಯ ಬೆವರು ಇಲ್ಲಿ ಮೈಮೇಲೆ ಚಳಿಯಾಗಿ ಒಣಗುತ್ತದೆ.

ನೀರು ದಿಕ್ಕು ಬದಲಿಸಿದಲ್ಲಿ

ನಿಟ್ಟೂರಿನಿಂದ ಸಂಪೆಕಟ್ಟೆಯ ಕಡೆಗೆ ಹೋಗುವಾಗ ಎಡಬಲದ ತೋಡುಗಳನ್ನು ಗಮನಿಸಬೇಕು. ಘಾಟಿಯ ಅಂಚಿನ ಆಚೆಗೆ ಬಿದ್ದ ಮಳೆಹನಿ ಸೌಪರ್ಣಿಕೆಯೋ ಚಕ್ರೆಯೋ ಆಗಿ ಗಂಗೊಳ್ಳಿಗೆ ಬರುತ್ತದೆ. ಈಚೆಗೆ ಬಿದ್ದ ಹನಿ ಶರಾವತಿಯ ಪಾಲಾಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು ಎರಡು ಬೇರೆ ಅಳಿವೆಗಳಿಗೆ ಹೋಗುತ್ತವೆ. ಇದು ಸೃಷ್ಟಿಯ ಲೆಕ್ಕ. ಮನುಷ್ಯನ ಲೆಕ್ಕ ಬೇರೆ ಇದೆಯೆಂಬುದು ಸಂಪೆಕಟ್ಟೆಯ ಚಹಾದ ಅಂಗಡಿಯಲ್ಲಿ ತಿಳಿಯಿತು.

ಅಂಗಡಿಯ ಹಿರಿಯರು ಸವಾರನ ಊರು ಕೇಳಿದರು. ಗಂಗೊಳ್ಳಿ ಎಂದಾಗ, “ಚಕ್ರಾ ಹೊಳೆ ಹೋಗಿ ಸೇರುವ ಊರೋ?” ಎಂದರು. ಹೌದೆಂದು ಅವನು ತಲೆಯಾಡಿಸಿದನು. ಹಿರಿಯರು ಚಹಾದ ಲೋಟವನ್ನು ಮುಂದಕ್ಕೆ ಸರಿಸಿ ನಿಧಾನವಾಗಿ ಹೇಳಿದರು:

“ಮೇಲಿನ ನೀರು ಈಗ ನಿಮ್ಮ ಕಡೆಗೆ ಬರಾದಿಲ್ಲ ಮಾರಾಯ್ರೇ. ಅಣೆಕಟ್ಟೆಯಿಂದ ತಿರುಗಿ ಲಿಂಗನಮಕ್ಕಿಗೆ ಹೋಗ್ತದೆ.”

ಸಂಗತಿ ನಿಜ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು. ಬಳಿಕ ಆ ಜಲಾಶಯಕ್ಕೆ ಇನ್ನಷ್ಟು ನೀರು ಕೂಡಿಸಲೆಂದು ಚಕ್ರಾ ಮತ್ತು ಸಾವೆಹಕ್ಲುಗಳಲ್ಲಿ ಕಟ್ಟೆಗಳನ್ನು ಕಟ್ಟಿದರು. ಪಶ್ಚಿಮಕ್ಕೆ ಇಳಿದು ಕುಂದಾಪುರದ ಸೀಮೆಗೆ ಬರಬೇಕಾದ ನೀರಿನ ಒಂದು ಪಾಲು ಹೀಗೆ ಕಾಲುವೆಯ ದಾರಿಯಲ್ಲಿ ಉತ್ತರಕ್ಕೆ ತಿರುಗಿ ಲಿಂಗನಮಕ್ಕಿಯನ್ನು ಸೇರುತ್ತದೆ; ಅಲ್ಲಿಂದ ವಿದ್ಯುತ್ತಾಗಿ ನಾಡಿನ ಮನೆಗಳನ್ನು ಬೆಳಗುತ್ತದೆ. ಬೆಂಗಳೂರಿನಲ್ಲಿ ಸವಾರನ ಮನೆಯ ದೀಪಕ್ಕೂ ಅದರಲ್ಲಿ ಒಂದು ಎಳೆಯಿದ್ದೀತು. ಕೆಳಗೆ ಅಂಗಳದಲ್ಲಿ ಕುಳಿತ ತಂದೆಗೆ ಹೊಳೆಯಲ್ಲಿ ಕಾಣದಾದದ್ದನ್ನು ಮಗನು ಅಷ್ಟು ವರ್ಷ ಸ್ವಿಚ್ಚು ಒತ್ತಿ ಬಳಸಿದ್ದನು. ಅದನ್ನು ನೆನೆದು ಅವನು ಚಹಾವನ್ನು ಆರಿಸಿಕೊಂಡೇ ಕುಡಿದನು.

ಹಿರಿಯರು ತಮ್ಮ ದೂರನ್ನು ಹೇಳಲಿಲ್ಲ. ಅವರ ತಾಯಿಯ ತೌರುಮನೆ ಶರಾವತಿಯ ಮುಳುಗಡೆಯಲ್ಲಿ ಹೋಯಿತೆಂದು ಮಾತ್ರ ತಿಳಿಸಿದರು. ಚಹಾದ ದುಡ್ಡು ತೆಗೆದುಕೊಂಡರು. ಬಾಳೆಹಣ್ಣಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನಗರಕ್ಕೆ ಹೋಗುವ ಕಾಡುದಾರಿಯಲ್ಲಿ ಹಿಂದಿನ ಚಕ್ರ ಒಮ್ಮೆಗೇ ಮೆತ್ತಗಾಯಿತು. ಒಂದು ಚೂಪಾದ ಕಲ್ಲಿನ ಚೂರು. ಸುತ್ತ ಯಾರೂ ಇಲ್ಲ. ಒಂಟಿ ಸವಾರನಿಗೆ ಇದೇ ನಿಜವಾದ ಪರೀಕ್ಷೆ. ಕಾಲಿನ ನೋವಿಗೆ ವಿಶ್ರಾಂತಿ ಕೊಡಬಹುದು, ಗಾಳಿಯಿಲ್ಲದ ಚಕ್ರಕ್ಕೆ ಕೊಡಲಾಗದು. ಅವನು ಟಯರನ್ನು ಬಿಚ್ಚಿ, ಒಳಗೆಲ್ಲ ಬೆರಳಾಡಿಸಿ ಮುಳ್ಳಿಲ್ಲವೆಂದು ಖಚಿತ ಮಾಡಿಕೊಂಡು, ತಂದಿದ್ದ ಒಂದೇ ಒಂದು ಹೊಸ ಟ್ಯೂಬನ್ನು ಹಾಕಿದನು. ಅಂಗೈ ಅಗಲದ ಪಂಪಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಸಲ ಒತ್ತಿದನು. ನಲವತ್ತು ನಿಮಿಷ ಹೋಯಿತು. ಹಳೆಯ ಟ್ಯೂಬಿಗೆ ತೇಪೆ ಹಾಕಲು ನೋಡಿದರೆ ಕೊಳವೆಯಲ್ಲಿನ ಅಂಟು ಒಣಗಿತ್ತು. ಇನ್ನೊಮ್ಮೆ ಗಾಳಿ ಹೋದರೆ ಈ ಕಾಡಿನಲ್ಲಿ ನಡೆಯುವುದೊಂದೇ ಗತಿ. ಮುಂದಿನ ದಾರಿಯಲ್ಲಿ ಅವನು ಪ್ರತಿಯೊಂದು ಕಲ್ಲನ್ನೂ ಹಾವಿನಂತೆ ಕಂಡು ತಪ್ಪಿಸಿದನು.

ಬಿದನೂರಿನ ನೆರಳು

ನಗರದಲ್ಲಿ ಮೂರೂವರೆ. ಈಗ ಸಣ್ಣ ಊರು. ಹಿಂದೆ ಬಿದನೂರು ಎಂಬ ಹೆಸರಿನಲ್ಲಿ ಕೆಳದಿಯ ಅರಸರ ರಾಜಧಾನಿ. ಕೆಳದಿ, ಇಕ್ಕೇರಿಗಳ ಬಳಿಕ ಅವರ ಮೂರನೆಯ ನೆಲೆ ಇದು. ಕಂದಾಯದ ‘ಶಿಸ್ತಿ’ನಿಂದ ಹೆಸರಾದ ಶಿವಪ್ಪನಾಯಕ ಇಲ್ಲಿಂದ ಆಳಿದನು. ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿಯ ರಾಜ್ಯವೂ ಇದೇ. 1763ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯನ್ನು ಸೋಲಿಸಿ ಊರನ್ನು ಹಿಡಿದು ಹೈದರ್ ನಗರವೆಂದು ಕರೆದನು. ಹೈದರ್ ಹೋಗಿ ನಗರ ಮಾತ್ರ ಉಳಿಯಿತು. ದಿಬ್ಬದ ಮೇಲೆ ಕೋಟೆಯ ಗೋಡೆಗಳು, ಪಾಯಗಳು, ಹುಲ್ಲು. ಕೋಟೆಯ ಮೇಲೆ ಹೋಗಿ ನಿಲ್ಲುವ ಆಸೆಯನ್ನು ಸವಾರನು ಬಾಗಿಲಿನಲ್ಲಿಯೇ ಬಿಟ್ಟು ಬಂದನು. ಬಿಸಿಲು ಓರೆಯಾಗುತ್ತಿತ್ತು.

ಈ ರಾಜಧಾನಿಗೂ ಗಂಗೊಳ್ಳಿಯ ನೀರಿಗೂ ನೇರವಾದ ನಂಟಿದೆ. ಮಲೆನಾಡಿನ ಮೆಣಸು ಘಟ್ಟ ಇಳಿದು ಹೋಗುತ್ತಿದ್ದ ರೇವುಗಳಲ್ಲಿ ವಾರಾಹಿಯ ದಡದ ಬಸ್ರೂರು ಒಂದು. ಅಕ್ಕಿಗಾಗಿ ಪೋರ್ಚುಗೀಸರು ಕಣ್ಣಿಟ್ಟ ರೇವು ಅದು. 1665ರಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಸೂರೆಗೊಂಡದ್ದು ಅದನ್ನೇ. ಹಾಗೆಯೇ 1783ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಾಟಿಯನ್ನು ಹತ್ತಿಯೇ ಬಿದನೂರಿಗೆ ಬಂದನು. ಕೆಲವೇ ತಿಂಗಳಲ್ಲಿ ಟಿಪ್ಪುವಿನ ಕೈಯಲ್ಲಿ ಸೋತು ಸೆರೆಯಾದನು. ಮೆಣಸಿನ ಎತ್ತುಗಳೂ ಫಿರಂಗಿಗಳೂ ಹಿಡಿದ ಆ ಸೀಮೆಯ ದಾರಿಯಲ್ಲಿಯೇ ಸವಾರನು ಇಳಿಯಬೇಕಾಗಿತ್ತು.

ನಗರದಿಂದ ಹುಲಿಕಲ್ಲಿನವರೆಗಿನ ದಾರಿ ಸಮತಟ್ಟೆಂದು ನಂಬಿದ್ದವನಿಗೆ ಅದು ಅಲೆ ಅಲೆಯಾಗಿ ಎದುರಾಯಿತು. ತೊಡೆಗಳು ಕಲ್ಲಾದವು. ಸಣ್ಣ ಏರಿನಲ್ಲಿಯೂ ಮನಸ್ಸು ಹಿಂದೆ ಸರಿಯುತ್ತಿತ್ತು. ದೂರದ ಸವಾರಿಯಲ್ಲಿ ನೂರ ಹತ್ತು, ನೂರಿಪ್ಪತ್ತನೆಯ ಕಿಲೋಮೀಟರಿನ ಸುಮಾರಿಗೆ ಹೀಗೊಂದು ಹೊತ್ತು ಬರುತ್ತದೆಂದು ಅನುಭವಿಗಳು ಹೇಳುತ್ತಾರೆ. ಹೊರಟ ಕಾರಣವೇ ಮರೆತುಹೋಗುತ್ತದೆ. ಬರುವ ಲಾರಿಗೆ ಕೈಯೊಡ್ಡಿ ಸೈಕಲ್ಲನ್ನು ಎತ್ತಿ ಹಾಕಿದರೆ ಯಾರು ಕೇಳುವರು ಎನಿಸುತ್ತದೆ. ಒಂದು ಲಾರಿ ಬಂದೂ ಬಂತು. ಸವಾರನು ಕೈಯೆತ್ತಲಿಲ್ಲ. ಎತ್ತದಿರಲು ಕಾರಣ ಎದೆಗಾರಿಕೆಯಲ್ಲ. ಲಾರಿಯಲ್ಲಿ ಕುಳಿತರೆ ತೋಡುಗಳು ಕಾಣುವುದಿಲ್ಲ. ತಂದೆ ಕೇಳಿದ್ದು ತೋಡುಗಳನ್ನು.

ಮಾಸ್ತಿಕಟ್ಟೆಯ ಸುತ್ತಲಿನ ಊರುಗಳ ಹಿಂದೆ, ಕಾಡಿನ ಮರೆಯಲ್ಲಿ, ವಾರಾಹಿಯನ್ನು ಮಾಣಿ ಎಂಬಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಆ ನೀರು ಸುರಂಗಗಳಲ್ಲಿ ಘಟ್ಟದ ಒಡಲನ್ನು ಇಳಿದು ಹೊಸಂಗಡಿಯ ನೆಲದಡಿಯ ವಿದ್ಯುದಾಗಾರವನ್ನು ತಿರುಗಿಸುತ್ತದೆ. 1989ರಲ್ಲಿ ಮೊದಲ ಯಂತ್ರ ತಿರುಗಿತು. 2009ರಲ್ಲಿ ನಾಲ್ಕೂ ಯಂತ್ರಗಳು ಸೇರಿ 460 ಮೆಗಾವಾಟಿನ ಸಾಮರ್ಥ್ಯ ಪೂರ್ಣವಾಯಿತು. ಚಕ್ರೆಯ ನೀರು ಬೇರೆ ನದಿಗೆ ಹೋದರೆ ವಾರಾಹಿಯ ನೀರು ಯಂತ್ರ ತಿರುಗಿಸಿ ತನ್ನ ನದಿಗೇ ಮರಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿಯೂ ವಾರಾಹಿಯಲ್ಲಿ ಹರಿವು ಇರುತ್ತದೆ. ಒಂದೇ ಘಟ್ಟದ ಎರಡು ಹೊಳೆಗಳ ಭಾಗ್ಯ ಎರಡು ಬಗೆ.

ಇಳಿಯುವ ಹೊತ್ತು

ಹುಲಿಕಲ್ಲು ತಲಪಿದಾಗ ಐದೂಮುಕ್ಕಾಲು. ಮಳೆಯ ಲೆಕ್ಕದಲ್ಲಿ ಆಗುಂಬೆಯೊಡನೆ ಸ್ಪರ್ಧೆಗಿಳಿಯುವ ಊರು. ಮಳೆಗಾಲದಲ್ಲಿ ಗುಡ್ಡ ಕುಸಿದು ಇಲ್ಲಿನ ಸಂಚಾರ ನಿಲ್ಲುವುದುಂಟು. ಡಿಸೆಂಬರಿನಲ್ಲಿ ಆಕಾಶ ಶುಭ್ರ. ಘಟ್ಟದ ಅಂಚಿನಿಂದ ನೋಡಿದರೆ ಪಡುವಣದಲ್ಲಿ ಮಡಿಕೆ ಮಡಿಕೆಯಾಗಿ ಕಾಡು. ಅದರ ಕೊನೆಯಲ್ಲಿ ಮಂಜೋ ಕಡಲೋ ತಿಳಿಯದ ಒಂದು ತಾಮ್ರದ ಗೆರೆ. ಆ ಗೆರೆಯ ದಡದಲ್ಲೆಲ್ಲೋ ಗಂಗೊಳ್ಳಿ. ಸೂರ್ಯನು ಕೆಂಪಾಗಿ ಕೆಳಗಿಳಿಯುತ್ತಿದ್ದನು. ಇನ್ನು ಇಪ್ಪತ್ತೈದು ನಿಮಿಷ. ಮುಸ್ಸಂಜೆಯ ಬೆಳಕು ಸೇರಿದರೆ ನಲವತ್ತೈದು.

ಬಾಳೆಬರೆ ಘಾಟಿಯನ್ನು ಸೈಕಲ್ಲಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ತಿರುವುಗಳು ಮೊಣಕೈಯಂತೆ ಮಡಚಿವೆ. ಒಂದು ಬದಿ ಕೊರೆದ ಗುಡ್ಡ, ಇನ್ನೊಂದು ಬದಿ ಕಾಣದ ಕಣಿವೆ. ಬ್ರೇಕನ್ನು ಹಿಡಿದೇ ಇದ್ದರೆ ಚಕ್ರದ ಬಳೆ ಕಾಯುತ್ತದೆ. ಕಾದ ಬಳೆ ಟ್ಯೂಬನ್ನು ಸೀಳಬಹುದು. ಅವನಲ್ಲಿ ಇನ್ನೊಂದು ಟ್ಯೂಬು ಇರಲಿಲ್ಲ. ಬಿಟ್ಟರೆ ವೇಗ, ಹಿಡಿದರೆ ಬಿಸಿ. ಅವನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿದನು. ಚಂಡಿಕಾಂಬೆಯ ಗುಡಿಯ ಮುಂದೆ ವಾಹನದವರು ನಿಲ್ಲಿಸಿ ಕೈಮುಗಿಯುವಲ್ಲಿ ತಾನೂ ನಿಂತನು. ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡನು. ಅದು ಆರುವವರೆಗೆ ಕಾಯಬೇಕು. ಬೆಳಕು ಕಾಯುವುದಿಲ್ಲ. ಆ ಐದು ನಿಮಿಷ ದಿನದಲ್ಲಿಯೇ ದೀರ್ಘವಾದ ಐದು ನಿಮಿಷ. ಕಾಡಿನಲ್ಲಿ ಜೀರುಂಡೆಗಳು ಒಮ್ಮೆಗೇ ತೊಡಗಿದವು. ಅವುಗಳ ಕೆಳಗೆ, ಕಿವಿಗೊಟ್ಟರೆ ಮಾತ್ರ ಕೇಳುವಂತೆ, ನೀರು ಹರಿಯುವ ಸದ್ದು.

ಕೊನೆಯ ತಿರುವುಗಳನ್ನು ಅವನು ದೀಪದ ಬೆಳಕಿನಲ್ಲಿ, ಬಹುಪಾಲು ನಡೆದೇ ಇಳಿದನು. ಹೊಸಂಗಡಿಯ ದೀಪಗಳು ಕಂಡಾಗ ಏಳು ಗಂಟೆ. ಗಾಳಿ ಬೆಚ್ಚಗಾಗಿತ್ತು. ಅಂಗಡಿಯ ಹುಡುಗನೊಬ್ಬ, “ಬನಿ, ಕೂಕಣಿ” ಎಂದು ಬೆಂಚನ್ನು ಒರಸಿದನು. ಕುಂದಾಪುರದ ಕನ್ನಡ! ಬೆಳಗಿನಿಂದ ಮೂರು ಬಗೆಯ ಕನ್ನಡ ಕೇಳಿದ್ದ ಕಿವಿಗೆ ಮನೆ ಸಮೀಪಿಸಿದ್ದು ಆ ಎರಡು ಮಾತುಗಳಿಂದ ಗೊತ್ತಾಯಿತು.

ಆಚೆ ದಡದ ದೀಪ

ಸಿದ್ದಾಪುರದ ಬಳಿ ಬಲಕ್ಕೆ ಒಂದು ದಾರಿ ಕಮಲಶಿಲೆಗೆ ಹೋಗುತ್ತದೆ. ಮಳೆಗಾಲದಲ್ಲಿ ಕುಬ್ಜಾ ನದಿ ಉಕ್ಕಿ ಅಲ್ಲಿನ ದೇವಿಯ ಗರ್ಭಗುಡಿಯನ್ನೇ ಹೊಕ್ಕು ಅಭಿಷೇಕ ಮಾಡುತ್ತದೆ. ಭಕ್ತರು ಆ ನೆರೆಯನ್ನು ಹಬ್ಬದಂತೆ ಕಾಯುತ್ತಾರೆ. ಎಡಕ್ಕೆ ಕತ್ತಲಲ್ಲಿ ವಾರಾಹಿಯ ಕಣಿವೆ. ಹೊಸಂಗಡಿಯಿಂದ ಹೊರಬಂದ ನೀರನ್ನು ಸಿದ್ದಾಪುರದ ಸೀಮೆಯಲ್ಲಿ ಮತ್ತೆ ತಡೆದು ಗದ್ದೆಗಳಿಗೆ ಹಾಯಿಸುವ ವಾರಾಹಿ ನೀರಾವರಿ ಯೋಜನೆ 1970ರ ದಶಕದ ಕೊನೆಯಲ್ಲಿ ಮೊದಲಾಯಿತು. ಅದರ ಕಾಲುವೆಗಳಿಗಾಗಿ ರೈತರು ದಶಕಗಳ ಕಾಲ ಕಾದರು. ಅಂಪಾರು ದಾಟಿ ಕಂಡ್ಲೂರಿನ ಸೇತುವೆಯ ಮೇಲೆ ಸವಾರನು ಸೈಕಲ್ಲು ನಿಲ್ಲಿಸಿ ಕೆಳಗೆ ನೋಡಿದನು. ನಕ್ಷತ್ರಗಳು ನೀರಿನಲ್ಲಿ ಅಲುಗುತ್ತಿದ್ದವು. ಇಲ್ಲಿಯೂ ನೀರಿದೆ. ತುಂಬ ಇದೆ.

ಬಸ್ರೂರಿನ ರೇವಿನಲ್ಲಿ ಈಗ ಹಡಗುಗಳಿಲ್ಲ. ಊರು ಬೇಗನೆ ಮಲಗುತ್ತದೆ. ಅದನ್ನು ಹಾದು ಕುಂದಾಪುರದ ನೀರಿನ ಅಂಚಿಗೆ ಬಂದಾಗ ಒಂಬತ್ತೂವರೆ. ಎದುರಿಗೆ, ಕಪ್ಪು ನೀರಿನ ಆಚೆಗೆ, ಗಂಗೊಳ್ಳಿಯ ದೀಪಗಳು. ತಂದೆ ಹುಟ್ಟು ಹಾಕಿದ್ದರೆ ಈ ನೀರನ್ನು ದಾಟಿಸಲು ಎಷ್ಟು ಹೊತ್ತು? ರಾತ್ರಿಯಲ್ಲಿ ಕರೆದರೆ ಬರುವ ದೋಣಿ ಈಗಿಲ್ಲ. ಇನ್ನೂ ಹದಿನೈದು ಕಿಲೋಮೀಟರಿಗೆ ಮೀರಿದ ದಾರಿಯನ್ನು ಸುತ್ತಬೇಕು. ಮನೆ ಕಣ್ಣೆದುರಿಗಿದ್ದಾಗ ಅದಕ್ಕೆ ಬೆನ್ನು ಮಾಡಿ ತುಳಿಯುವುದು ಘಾಟಿಗಿಂತ ದೊಡ್ಡ ಏರು.

ಸಂಗಮ್, ತಲ್ಲೂರು, ಹೆಮ್ಮಾಡಿ, ಕನ್ನಡಕುದ್ರು, ಅರಾಟೆ. ಒಂದೊಂದು ಸೇತುವೆಯ ಕೆಳಗೂ ಅವನು ಬೆಳಗಿನಿಂದ ಬೆನ್ನುಹತ್ತಿದ ನೀರು. ಅರಾಟೆಯ ಸೇತುವೆಯ ಕೆಳಗಿನದು ಸೌಪರ್ಣಿಕೆ. ಹತ್ತು ಗಂಟೆಯ ಸುಮಾರಿಗೆ ಕೊಲ್ಲೂರಿನಲ್ಲಿ ಮುಖ ತೊಳೆದ ನೀರು ಇನ್ನೂ ಇಲ್ಲಿಗೆ ಬಂದಿರಲಾರದು. ಮನುಷ್ಯನು ಹೊಳೆಗಿಂತ ಮುಂಚೆ ಬಂದಿದ್ದನು. ಮುಳ್ಳಿಕಟ್ಟೆಯಲ್ಲಿ ಎಡಕ್ಕೆ ತಿರುಗಿದಾಗ ಗಾಳಿಯಲ್ಲಿ ಒಣಮೀನಿನ ವಾಸನೆ ಬಂತು.

ಅಂಗಳದಲ್ಲಿ ದೀಪ ಉರಿಯುತ್ತಿತ್ತು. ತಂದೆ ಕುರ್ಚಿಯಲ್ಲಿಯೇ ಇದ್ದರು. ಹನ್ನೊಂದಕ್ಕೆ ಹತ್ತಿರ. ಮಗನು ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ ಜಗಲಿಯ ಅಂಚಿನಲ್ಲಿ ಕುಳಿತನು. ಕಾಲುಗಳು ಇನ್ನೂ ತುಳಿಯುತ್ತಿರುವಂತೆ ನಡುಗುತ್ತಿದ್ದವು.

“ನೀರ್ ಇತ್ತಾ?” ಎಂದರು ತಂದೆ.

“ಇತ್ತ್ ಅಪ್ಪಯ್ಯ. ಚಕ್ರೆದ್ದ್ ಮಾತ್ರ ಎಲ್ಲಾ ಇಲ್ಲಿಗ್ ಬತ್ತಿಲ್ಲ. ಮೇಲೇ ತಿರ್ಸಿರ್.”

ಮುದುಕರು ಕತ್ತಲಿನಲ್ಲಿ ಹೊಳೆಯಿರುವ ಕಡೆಗೆ ಬಹಳ ಹೊತ್ತು ನೋಡಿದರು. ಅಳಿವೆಯ ಕಡೆಯಿಂದ ಅಲೆಯ ಸದ್ದು ಕೇಳುತ್ತಿತ್ತು. ಭರತ ಏರುತ್ತಿರಬೇಕು. ಹಲವು ವರ್ಷ ಕಾಡಿದ ಸಂಶಯಕ್ಕೆ ಉತ್ತರ ಸಿಕ್ಕವರಂತೆ ಅವರು ಒಮ್ಮೆ ತಲೆಯಾಡಿಸಿದರು.

“ಗಂಜಿ ಆರಿ ಹೋಯ್ತ್. ಕೈ ಕಾಲ್ ತೊಳ್ಕೊ, ಮಗಾ,” ಎಂದರು.